ಸಂಗೀತವನ್ನೇ ಓದಾಗಿ ಆರಿಸಿಕೊಳ್ಳುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪಿಯುಸಿ ಮತ್ತು ಎಸ್ಸೆಸ್ಸೆಲ್ಸಿ ಫಲಿತಾಂಶಗಳು ಹೊರಬಿದ್ದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ಸ್ವರೂಪವೇ ಬದಲಾಗುತ್ತದೆ. ರಾಗಲಕ್ಷಣ ಮತ್ತು ತಾಳದ ಲೆಕ್ಕಾಚಾರಗಳ ಪ್ರಶ್ನೆಗಳು ಹಿಂದೆ ಸರಿದು, ಸಂಗೀತವನ್ನೇ ಕಾಲೇಜಿನಲ್ಲಿ ಕಲಿತು ವೃತ್ತಿಯಾಗಿ ಹಿಡಿಯಬಹುದೇ ಎಂಬ ಪ್ರಶ್ನೆ ಮುಂದೆ ಬರುತ್ತದೆ. ಈ ಸಲ ಅಂಥ ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟು ಊರನ್ನಷ್ಟೇ ಉಳಿಸಿದ್ದೇನೆ.

ಪ್ರಶ್ನೆ: ನನ್ನ ಮಗಳು ಎಂಟು ವರ್ಷಗಳಿಂದ ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದಾಳೆ. ಈಗ ಪಿಯುಸಿ ವಿಜ್ಞಾನ ವಿಭಾಗದಲ್ಲಿ ಒಳ್ಳೆಯ ಅಂಕ ಪಡೆದು ತೇರ್ಗಡೆಯಾಗಿದ್ದಾಳೆ. ಆದರೆ ಸಂಗೀತ ಪದವಿಗೇ ಸೇರುತ್ತೇನೆಂದು ಹಟ ಹಿಡಿದಿದ್ದಾಳೆ. ಅವಳ ಗುರುಗಳೇ “ಕಾಲೇಜಿನಲ್ಲಿ ಹಾಡುವವರು ತಯಾರಾಗುವುದಿಲ್ಲ” ಎನ್ನುತ್ತಾರೆ. ಮುಂದಿನ ಜೀವನದ ಚಿಂತೆಯೂ ನಮಗಿದೆ. ಏನು ಮಾಡಬೇಕು? (ತಂದೆ, ಹಾವೇರಿ)

ಉತ್ತರ: ಗುರುಗಳ ಮಾತಿನಲ್ಲಿ ಅನುಭವವಿದೆ, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಕಾಲೇಜುಗಳು ಯಾಕೆ ಹುಟ್ಟಿದವು ಎಂಬುದನ್ನೂ ನೆನೆಯಬೇಕು. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದಾಗ, ಭಾತಖಂಡೆಯವರ ಪ್ರಯತ್ನದಿಂದ 1926ರಲ್ಲಿ ಲಖನೌದಲ್ಲಿ ಸಂಗೀತ ಕಾಲೇಜು ಆರಂಭವಾದಾಗ, ವಿದ್ಯೆ ಬಹುಮಟ್ಟಿಗೆ ಘರಾಣೆಯ (ಸಂಗೀತ ಪರಂಪರೆಯ) ಮನೆಗಳೊಳಗೇ ಇತ್ತು. ಆ ಮನೆಯಲ್ಲಿ ಹುಟ್ಟದವನು ವರ್ಷಗಟ್ಟಲೆ ಸೇವೆ ಮಾಡಿ, ಗುರುವಿನ ಮನಸ್ಸು ಕರಗಿದರೆ ಮಾತ್ರ ಒಂದು ಬಂದಿಶ್ (ಹಾಡಿನ ರಚನೆ) ಪಡೆಯುತ್ತಿದ್ದ. ಗುರುವನ್ನು ಹುಡುಕಿಕೊಂಡು ಹನ್ನೊಂದರ ವಯಸ್ಸಿನಲ್ಲೇ ಮನೆ ಬಿಟ್ಟು ಊರೂರು ಅಲೆದು, ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರಲ್ಲಿ ನೆಲೆ ನಿಂತ ಭೀಮಸೇನ ಜೋಶಿಯವರ ಕಥೆ ನಿಮ್ಮ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಹೆಣ್ಣುಮಗಳೊಬ್ಬಳು ಹಾಗೆ ಅಲೆಯುವುದು ಆಗ ಯೋಚಿಸಲೂ ಆಗದ ಮಾತಾಗಿತ್ತು. ಮಧ್ಯಮ ವರ್ಗದ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಹಗಲು ಹೊತ್ತಿನಲ್ಲಿ ಎಲ್ಲರೆದುರು ಗೌರವದಿಂದ ಹೋಗಿ ಸಂಗೀತ ಕಲಿತು ಬರುವ ಬಾಗಿಲನ್ನು ತೆರೆದದ್ದು ಈ ಸಂಸ್ಥೆಗಳೇ. ನಿಮ್ಮ ಮಗಳು ಇಂದು ಈ ಮಾತನ್ನು ಮನೆಯಲ್ಲಿ ಧೈರ್ಯವಾಗಿ ಎತ್ತಿರುವುದಕ್ಕೂ ಆ ಇತಿಹಾಸಕ್ಕೂ ಸಂಬಂಧವಿದೆ.

ಹಾಗಾದರೆ ಗುರುಗಳ ಮಾತು ಎಲ್ಲಿ ನಿಜ? ಒಂದು ಲೆಕ್ಕ ಹಾಕಿ ನೋಡಿ. ವಾರಕ್ಕೆ ಆರು ಗಂಟೆ ಪ್ರಾಯೋಗಿಕ ತರಗತಿ ಇದೆ, ತರಗತಿಯಲ್ಲಿ ಹತ್ತು ವಿದ್ಯಾರ್ಥಿಗಳಿದ್ದಾರೆ ಎಂದುಕೊಳ್ಳೋಣ. ಒಬ್ಬೊಬ್ಬರ ಕಂಠಕ್ಕೆ ಅಧ್ಯಾಪಕರ ಕಿವಿ ಪ್ರತ್ಯೇಕವಾಗಿ ಸಿಗುವುದು ವಾರಕ್ಕೆ ಮೂವತ್ತಾರು ನಿಮಿಷ ಮಾತ್ರ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತ ಕಲಿತದ್ದು ಈ ಬಗೆಯ ಕಲಿಕೆಯಲ್ಲ. ಅಲ್ಲಿ ಒಂದೇ ಸ್ವರಪುಂಜವನ್ನು ಅದು ಸರಿಯಾಗುವ ತನಕ ಗುರು ಬಿಡುತ್ತಿರಲಿಲ್ಲ. ಪಠ್ಯಕ್ರಮಕ್ಕೆ ಅಷ್ಟು ತಾಳ್ಮೆ ಇರುವುದಿಲ್ಲ. ಸೆಮಿಸ್ಟರ್ ಮುಗಿಯುವುದರೊಳಗೆ ಗೊತ್ತುಪಡಿಸಿದ ರಾಗಗಳು ಮುಗಿಯಲೇಬೇಕು. ಯಮನ್ ಇನ್ನೂ ಕಂಠದಲ್ಲಿ ಕೂರುವ ಮೊದಲೇ ಬಿಹಾಗ್ ಬಂದಿರುತ್ತದೆ.

ಆದ್ದರಿಂದ ಕಾಲೇಜೋ ಗುರುವೋ ಎಂದು ಆರಿಸಬೇಡಿ. ಎರಡೂ ಉಳಿಯುವ ಊರನ್ನು ಆರಿಸಿ. ಹಾವೇರಿಯವರಿಗೆ ಧಾರವಾಡ ಹತ್ತಿರ. ಅಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಮಹಾವಿದ್ಯಾಲಯವಿದೆ. ಮೈಸೂರಿನಲ್ಲಿ ಗಂಗೂಬಾಯಿಯವರ ಹೆಸರಿನದೇ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವಿದೆ. ಮಗಳು ವಾರದ ಕೊನೆಯಲ್ಲಿ ಈಗಿನ ಗುರುಗಳ ಮುಂದೆ ಕೂರಲು ಸಾಧ್ಯವಾಗುವ ಸ್ಥಳವೇ ನನ್ನ ದೃಷ್ಟಿಯಲ್ಲಿ ಅವಳಿಗೆ ಒಳ್ಳೆಯದು. ಗುರುಗಳ ಬಳಿಗೆ ನೀವೇ ಹೋಗಿ, ಕಾಲೇಜಿಗೆ ಸೇರಿದರೂ ಶಿಷ್ಯತ್ವ ಬಿಡುವುದಿಲ್ಲ ಎಂದು ತಿಳಿಸಿ. ಅನೇಕ ಗುರುಗಳ ವಿರೋಧದ ಹಿಂದಿರುವುದು ಶಿಷ್ಯೆ ಕೈತಪ್ಪುತ್ತಾಳೆಂಬ ನೋವು. ಅದು ಪ್ರೀತಿಯಿಂದ ಹುಟ್ಟಿದ ನೋವು.

ಪ್ರವೇಶಕ್ಕೆ ಮೊದಲು ಒಂದು ಇಡೀ ದಿನ ಕಾಲೇಜಿನಲ್ಲಿ ಕಳೆಯಿರಿ. ಕಟ್ಟಡವನ್ನಾಗಲಿ ಗೋಡೆಯ ಮೇಲಿನ ಭಾವಚಿತ್ರಗಳನ್ನಾಗಲಿ ನೋಡಿ ತೀರ್ಮಾನಿಸಬೇಡಿ. ತರಗತಿಯಲ್ಲಿ ತಬಲಾ ನುಡಿಸುವವರು ಕೂತಿರುತ್ತಾರೋ ಇಲ್ಲವೇ ಎಲೆಕ್ಟ್ರಾನಿಕ್ ಪೆಟ್ಟಿಗೆಯೇ ಠೇಕಾ (ತಾಳದ ಮೂಲ ನಡೆ) ಹಾಕುತ್ತದೋ ನೋಡಿ. ತಂಬೂರಿಗಳಿಗೆ ತಂತಿ ಇದೆಯೇ, ಅವು ಶ್ರುತಿಯಲ್ಲಿವೆಯೇ, ಸಂಜೆ ತರಗತಿ ಮುಗಿದ ಮೇಲೆ ರಿಯಾಜಿಗೆ ಕೋಣೆ ಸಿಗುತ್ತದೆಯೇ, ಒಬ್ಬ ವಿದ್ಯಾರ್ಥಿ ವರ್ಷಕ್ಕೆ ಎಷ್ಟು ಸಲ ಪಕ್ಕವಾದ್ಯದೊಂದಿಗೆ ವೇದಿಕೆಗೆ ಬರುತ್ತಾನೆ ಎಂದು ಕೇಳಿ. ಎರಡನೇ ವರ್ಷದ ವಿದ್ಯಾರ್ಥಿಗಳನ್ನು ಪ್ರತ್ಯೇಕವಾಗಿ ಮಾತಾಡಿಸಿ; ಮೊದಲ ವರ್ಷದವರಿಗೆ ಇನ್ನೂ ಗೊತ್ತಿರುವುದಿಲ್ಲ, ಕೊನೆಯ ವರ್ಷದವರು ಆಗಲೇ ರಾಜಿಯಾಗಿರುತ್ತಾರೆ. ಒಳ್ಳೆಯ ಸಂಗೀತ ಕಾಲೇಜು ಕೊಡುವ ದೊಡ್ಡ ಸಂಪತ್ತೆಂದರೆ ಜೊತೆಯವರು. ಹಾಡುವವಳು, ತಬಲಾದವನು, ಹಾರ್ಮೋನಿಯಂನವನು ಒಂದೇ ಛಾವಣಿಯಡಿ ಮೂರು ನಾಲ್ಕು ವರ್ಷ ಇದ್ದರೆ ಮುಂದಿನ ಇಪ್ಪತ್ತು ವರ್ಷಗಳ ಕಚೇರಿಗಳ ಬಳಗ ಅಲ್ಲಿಯೇ ಸಿದ್ಧವಾಗುತ್ತದೆ.

ಇನ್ನು ಜೀವನೋಪಾಯ. ಕಚೇರಿಯ ಸಂಭಾವನೆಯಿಂದಲೇ ಮನೆ ನಡೆಸುವವರು ಬಹಳ ಕಡಿಮೆ. ಹೆಚ್ಚಿನ ಕಲಾವಿದರ ಮೊದಲ ಹತ್ತು ವರ್ಷಗಳು ಪಾಠ ಹೇಳುವುದರಲ್ಲಿಯೇ ನಡೆಯುತ್ತವೆ. ಪದವಿಗೆ ಇಲ್ಲಿಯೇ ಬೆಲೆ. ಕೇಂದ್ರೀಯ ವಿದ್ಯಾಲಯಗಳ ಸಂಗೀತ ಶಿಕ್ಷಕರ ಹುದ್ದೆಗೆ ಸಂಗೀತ ಪದವಿ ಬೇಕು. ಸ್ನಾತಕೋತ್ತರ ಪದವಿಯ ನಂತರ ಯುಜಿಸಿ ನೆಟ್ ಪರೀಕ್ಷೆಯನ್ನು ಸಂಗೀತದಲ್ಲಿಯೇ ಬರೆದು ಕಾಲೇಜು ಅಧ್ಯಾಪಕಿಯಾಗಬಹುದು. ಆಕಾಶವಾಣಿಯಾದರೋ ಪದವಿ ಕೇಳುವುದಿಲ್ಲ, ಹಾಡು ಕೇಳುತ್ತದೆ. ಅದರ ಧ್ವನಿಪರೀಕ್ಷೆಯಲ್ಲಿ ಸಿಗುವ ಬಿ, ಬಿ-ಹೈ, ಎ, ಟಾಪ್ ಶ್ರೇಣಿಗಳನ್ನು ಸಂಘಟಕರು ಈಗಲೂ ವಿಚಾರಿಸುತ್ತಾರೆ. ಕೇಂದ್ರ ಸಂಸ್ಕೃತಿ ಸಚಿವಾಲಯವು 18ರಿಂದ 25 ವರ್ಷದ ಯುವ ಕಲಾವಿದರಿಗೆ ಎರಡು ವರ್ಷಗಳ ಶಿಷ್ಯವೇತನ ಕೊಡುತ್ತದೆ. ಅದು ಗುರುವಿನ ಬಳಿ ಮುಂದುವರಿದ ತರಬೇತಿ ಪಡೆಯುವುದಕ್ಕಾಗಿಯೇ ಇರುವ ನೆರವು. ಅರ್ಜಿ ಕರೆದಾಗ ತಪ್ಪಿಸಬೇಡಿ.

ಅವಳ ಹಟದ ಬಗ್ಗೆ ಒಂದು ಮಾತು. ಬೇಸಿಗೆಯ ಎರಡು ತಿಂಗಳು, ಯಾರೂ ಎಬ್ಬಿಸದೆ, ಬೆಳಿಗ್ಗೆ ಐದಕ್ಕೆ ತಾನಾಗಿ ಎದ್ದು ಖರಜದ (ಮಂದ್ರ ಸ್ವರಗಳ) ಅಭ್ಯಾಸಕ್ಕೆ ಕೂರುತ್ತಾಳೆಯೇ ಎಂದು ಸುಮ್ಮನೆ ಗಮನಿಸಿ. ಕೂರುತ್ತಾಳೆಂದಾದರೆ ಅವಳನ್ನು ತಡೆಯಬೇಡಿ.

ಪ್ರಶ್ನೆ: ನಾನು ತಬಲಾ ವಿದ್ಯಾರ್ಥಿ. ಕಾಲೇಜಿಗೆ ಸೇರಿದರೆ ಏಕವ್ಯಕ್ತಿ ವಾದನವನ್ನು ಮುಖ್ಯವಾಗಿ ಇಟ್ಟುಕೊಳ್ಳಬೇಕೋ ಸಾಥ್ ಸಂಗತ್ (ಪಕ್ಕವಾದ್ಯ ನುಡಿಸುವುದು) ಅನ್ನೋ? ಸಾಥಿದಾರರಿಗೆ ಎರಡನೇ ಸ್ಥಾನ ಎಂದು ಗೆಳೆಯರು ಹೇಳುತ್ತಾರೆ. (ವಿದ್ಯಾರ್ಥಿ, ರಾಯಚೂರು)

ಉತ್ತರ: ಆ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಏಕವ್ಯಕ್ತಿ ವಾದನದ ಸಾಹಿತ್ಯವನ್ನು, ಅಂದರೆ ಪೇಶ್ಕಾರ್, ಕಾಯ್ದಾ, ರೇಲಾ, ಗತ್, ತುಕಡಾಗಳನ್ನು, ಅವಶ್ಯವಾಗಿ ಕಲಿಯಬೇಕು; ಕೈ ತಯಾರಾಗುವುದು ಅದರಿಂದಲೇ. ಆದರೆ ನಿಮ್ಮನ್ನು ಮತ್ತೆ ಮತ್ತೆ ಕರೆಯುವಂತೆ ಮಾಡುವುದು ಠೇಕಾ. ವಿಲಂಬಿತ ಏಕತಾಲದ ಹನ್ನೆರಡು ಮಾತ್ರೆಗಳ ಒಂದು ಆವರ್ತನ ಮುಕ್ಕಾಲು ನಿಮಿಷಕ್ಕೂ ಮೇಲೆ ಹಿಗ್ಗಬಹುದು. ಅಷ್ಟು ಹೊತ್ತು ಲಯ ಅಲುಗದಂತೆ, ನಾದ ಒಣಗದಂತೆ, ಗಾಯಕನು ಕಣ್ಣು ಮುಚ್ಚಿದ್ದರೂ ಬಂದಿಶ್‌ನ ಮೊದಲ ತುಣುಕಾದ ಮುಖಡಾ ಎತ್ತುವ ಜಾಗ ಅವನಿಗೆ ಕೇಳುವಂತೆ ನುಡಿಸುವುದು, ದ್ರುತ ಲಯದಲ್ಲಿ ರೇಲಾ ಓಡಿಸುವುದಕ್ಕಿಂತ ಕಷ್ಟ. ಎಲ್ಲೋ ಒಂದು ಕಡೆ ಬೋಲ್ ತುಂಬಬೇಕು, ಅನೇಕ ಕಡೆ ಸುಮ್ಮನಿರಬೇಕು. ಆ ಸುಮ್ಮನಿರುವ ವಿದ್ಯೆ ಕೋಣೆಯಲ್ಲಿ ಒಬ್ಬನೇ ಕೂತವನಿಗೆ ಬರುವುದಿಲ್ಲ.

ಆದ್ದರಿಂದ ಕಾಲೇಜಿನ ಗಾಯನ ತರಗತಿಗಳಲ್ಲಿ ಸಾಥ್‌ಗೆ ಕೂರಲು ನೀವಾಗಿಯೇ ಕೇಳಿಕೊಳ್ಳಿ. ಮೊದಲ ವರ್ಷದವರ ಅಪಸ್ವರಕ್ಕೂ ಠೇಕಾ ಹಾಕಿ. ಲಯ ತಪ್ಪಿದವರನ್ನು ಕೈಹಿಡಿದು ತಾಳದ ಮೊದಲ ಮಾತ್ರೆಯಾದ ಸಮ್‌ಗೆ ತರುವುದು ಹೇಗೆಂದು ಕಲಿಯುವುದು ಅಂಥವರ ಜೊತೆಯಲ್ಲೇ. ಸಿತಾರಿನ ಜೊತೆ, ಕಥಕ್ಕಿನ ಜೊತೆ, ವಚನ ಮತ್ತು ದಾಸರ ಪದಗಳ ಜೊತೆ ಕೂತು ನೋಡಿ, ಒಂದೊಂದಕ್ಕೂ ಕೈಯ ಭಾರ ಬೇರೆ. ಕರ್ನಾಟಕ ಸಂಗೀತದ ಕಡೆ ನೋಡಿದರೆ, ಮೈಸೂರಿನ ಪಿಟೀಲು ಚೌಡಯ್ಯನವರು ಪಕ್ಕವಾದ್ಯಗಾರರಾಗಿಯೇ ದಕ್ಷಿಣದಾದ್ಯಂತ ಹೆಸರಾದವರು. ದೊಡ್ಡ ಸಭೆಗೂ ನಾದ ಮುಟ್ಟಬೇಕೆಂಬ ಪಕ್ಕವಾದ್ಯದ ಚಿಂತೆಯೇ ಅವರ ಏಳು ತಂತಿಯ ಪಿಟೀಲಿನ ಹಿಂದಿತ್ತು. ಅಂಥವರನ್ನು ಎರಡನೇ ಸ್ಥಾನದಲ್ಲಿ ಕೂರಿಸಲು ಯಾರಿಗೆ ಸಾಧ್ಯ? ಹೊಟ್ಟೆಪಾಡಿನ ದೃಷ್ಟಿಯಿಂದಲೂ ಹತ್ತು ಗಾಯಕರಿರುವ ಊರಿನಲ್ಲಿ ಒಬ್ಬ ನಂಬಿಕಸ್ಥ ತಬಲಾವಾದಕನಿಗೆ ಬಿಡುವಿರುವುದಿಲ್ಲ.

ಪ್ರಶ್ನೆ: ಮಗನಿಗೆ ಹದಿನಾಲ್ಕು ತುಂಬಿದೆ, ಕರ್ನಾಟಕ ಸಂಗೀತದ ಜೂನಿಯರ್ ಪರೀಕ್ಷೆ ಮುಗಿಸಿದ್ದಾನೆ. ಆರು ತಿಂಗಳಿಂದ ಕಂಠ ಒಡೆದು ಮೇಲಿನ ಷಡ್ಜ ಹತ್ತುತ್ತಿಲ್ಲ. ಸಂಗೀತವನ್ನೇ ಓದಬೇಕೆಂದಿದ್ದವನು ಈಗ ತಂಬೂರಿ ಮುಟ್ಟುತ್ತಿಲ್ಲ. (ತಾಯಿ, ಶಿವಮೊಗ್ಗ)

ಉತ್ತರ: ಗಂಡುಮಕ್ಕಳ ಧ್ವನಿತಂತುಗಳು ಈ ವಯಸ್ಸಿನಲ್ಲಿ ಉದ್ದವಾಗಿ ದಪ್ಪವಾಗುತ್ತವೆ, ಧ್ವನಿ ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಇದು ನಷ್ಟವಲ್ಲ, ಬೆಳವಣಿಗೆ. ಆದರೆ ನೆಲೆಗೊಳ್ಳಲು ಕೆಲವು ತಿಂಗಳುಗಳಿಂದ ಒಂದೆರಡು ವರ್ಷಗಳೂ ಹಿಡಿಯಬಹುದು. ಹಳೆಯ ಶ್ರುತಿಯಲ್ಲಿ ಒತ್ತಾಯದಿಂದ ಹಾಡಿಸಬೇಡಿ. ಈಗ ಹಗುರವಾಗಿ ಬರುವ ಸ್ವರವನ್ನು ಹುಡುಕಿ ಅದನ್ನೇ ಆಧಾರವಾಗಿಟ್ಟು, ಮಂದ್ರ ಮತ್ತು ಮಧ್ಯ ಸ್ಥಾಯಿಗಳಲ್ಲಿ ಸರಳೆ, ಜಂಟಿ ವರಸೆಗಳನ್ನು ದಿನಕ್ಕೆ ಇಪ್ಪತ್ತು ನಿಮಿಷ ಮೆಲ್ಲಗೆ ಹಾಡಲಿ. ಉಳಿದ ಸಮಯವನ್ನು ಕಂಠ ಬೇಡದ ವಿದ್ಯೆಗೆ ಕೊಡಿ: ತಾಳಗಳನ್ನು ಮೂರು ಕಾಲಗಳಲ್ಲಿ ಕೈಯಲ್ಲಿ ಹಾಕುವುದು, ಕೇಳಿದ್ದನ್ನು ಸ್ವರಲಿಪಿಯಲ್ಲಿ ಬರೆಯುವುದು, ಸಾಧ್ಯವಾದರೆ ವೀಣೆ ಅಥವಾ ಪಿಟೀಲು. ಮುಂದೆ ಕಾಲೇಜಿನಲ್ಲಿ ಇವೆಲ್ಲ ಅವನ ಕೈಹಿಡಿಯುತ್ತವೆ. ಧ್ವನಿಯ ಒರಟುತನ ಮೂರು ವಾರಗಳಿಗೂ ಮೀರಿ ಒಂದೇ ಸಮ ಇದ್ದರೆ, ನೋವಿದ್ದರೆ, ಕಿವಿ ಮೂಗು ಗಂಟಲಿನ ತಜ್ಞರಿಗೆ ತೋರಿಸಿ. ಮನೆಯಲ್ಲಿ ಯಾರೂ ಅವನ ಧ್ವನಿಯನ್ನು ಅಣಕಿಸದಂತೆ ನೋಡಿಕೊಳ್ಳಿ. ಈ ವಯಸ್ಸಿನಲ್ಲಿ ಅಂಥ ಒಂದು ಮಾತಿಗೆ ಹಾಡು ನಿಲ್ಲಿಸಿದ ಮಕ್ಕಳನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ನಮ್ಮದು ತಲೆಮಾರುಗಳಿಂದ ಮದುವೆ, ದೇವಸ್ಥಾನಗಳಲ್ಲಿ ವಾಲಗ ನುಡಿಸುವ ಮನೆ. ಮಗ ನಾದಸ್ವರವನ್ನು ಶಾಸ್ತ್ರೋಕ್ತವಾಗಿ ಕಲಿಯಬೇಕೆನ್ನುತ್ತಾನೆ. ಅದಕ್ಕೆ ಕಾಲೇಜು ಇದೆಯೇ? ಹತ್ತನೇ ತರಗತಿ ಆಗಿದೆ. (ನಾದಸ್ವರ ವಾದಕರು, ಕೋಲಾರ)

ಉತ್ತರ: ನಿಮ್ಮ ಪತ್ರ ಓದಿ ತುಂಬ ಸಂತೋಷವಾಯಿತು. ಸಂಗೀತವನ್ನು ವೃತ್ತಿಯಾಗಿ ಕಲಿಯುವುದೆಂಬುದು ಪೇಟೆಯವರಿಗೆ ಹೊಸ ಆಲೋಚನೆ, ನಿಮ್ಮ ಮನೆಗಳಲ್ಲಿ ಅದು ಅಜ್ಜನ ಕಾಲದ ಬದುಕು. ಕೋಲಾರದಿಂದ ತಿರುಪತಿ ಹೆಚ್ಚು ದೂರವಿಲ್ಲ. ಅಲ್ಲಿ ತಿರುಮಲ ತಿರುಪತಿ ದೇವಸ್ಥಾನದವರು ಸಂಗೀತ ನೃತ್ಯ ಕಾಲೇಜಿನ ಜೊತೆಗೆ ನಾದಸ್ವರ ಮತ್ತು ಡೋಲು ಶಾಲೆಯನ್ನೇ ನಡೆಸುತ್ತಾರೆ. ಮೊದಲು ಅಲ್ಲಿಗೆ ಹೋಗಿ ವಿಚಾರಿಸಿ. ತಮಿಳುನಾಡಿನ ಜಿಲ್ಲಾ ಸರ್ಕಾರಿ ಸಂಗೀತ ಶಾಲೆಗಳಲ್ಲಿ ನಾದಸ್ವರ, ತವಿಲ್‌ಗಳಿಗೆ ಮೂರು ವರ್ಷಗಳ ಶಿಕ್ಷಣವಿದೆ, ಚಿದಂಬರದ ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿಯೂ ಸಂಗೀತ ಶಿಕ್ಷಣಕ್ಕೆ ಹಳೆಯ ಹೆಸರಿದೆ. ಭಾಷೆ ಬೇರೆಯೆಂಬ ಅಂಜಿಕೆ ಬೇಡ. ಆಂಧ್ರದಲ್ಲಿ ಹುಟ್ಟಿದ ಶೇಖ್ ಚಿನ್ನ ಮೌಲಾನಾ ಅವರು ತಂಜಾವೂರಿನ ಬಾನಿಗೆ (ವಾದನ ಶೈಲಿಗೆ) ಮನಸೋತು ಶ್ರೀರಂಗದಲ್ಲೇ ನೆಲೆಸಿ, ಆ ವಾದ್ಯದ ಮೇರುಗಳಲ್ಲಿ ಒಬ್ಬರಾದರು.

ಮನೆಯಲ್ಲಿ ಕಲಿತವನಿಗೆ ಶಾಲೆಯಲ್ಲಿ ಒಂದು ಕಷ್ಟ ಎದುರಾಗುತ್ತದೆ, ಅದಕ್ಕೆ ಮಗನನ್ನು ಮೊದಲೇ ಸಿದ್ಧಪಡಿಸಿ. ಕೈ ಮತ್ತು ಉಸಿರು ಆಗಲೇ ಓಡುತ್ತಿರುತ್ತವೆ, ಮುಹೂರ್ತಕ್ಕೆ ಯಾವುದು, ಆರತಿಗೆ ಯಾವುದು, ಮೆರವಣಿಗೆಗೆ ಯಾವುದು ಎಂಬುದು ಬಾಯಿಪಾಠವಾಗಿರುತ್ತದೆ. ಆದರೆ ಶಾಲೆಯಲ್ಲಿ ಮತ್ತೆ ಸರಳೆ ವರಸೆಯಿಂದ, ವಿಳಂಬ ಕಾಲದಲ್ಲಿ ಆರಂಭಿಸುತ್ತಾರೆ. ಗೊತ್ತಿರುವುದನ್ನೇ ಹೇಳಿಕೊಡುತ್ತಾರಲ್ಲ ಎಂದು ಅನೇಕ ಹುಡುಗರು ಬೇಸತ್ತು ಮರಳಿ ಬರುತ್ತಾರೆ. ಬಿಡಬಾರದು. ನಾದಸ್ವರದಲ್ಲಿ ಸ್ವರದ ಸೂಕ್ಷ್ಮಗಳು ರಂಧ್ರದಿಂದ ಮಾತ್ರವಲ್ಲ, ಬಾಯಲ್ಲಿಟ್ಟು ಊದುವ ಸೀವಾಳಿಯ ಮೇಲಿನ ತುಟಿಯ ಒತ್ತಡ ಮತ್ತು ಉಸಿರಿನ ಬಲದಿಂದ ಹುಟ್ಟುತ್ತವೆ. ಮಂಟಪದ ಗದ್ದಲದ ನಡುವೆ ನುಡಿಸಿ ಬೆಳೆದ ತುಟಿಗೆ ಆ ನಾಜೂಕು ನಿಧಾನಕ್ಕೆ ಬರಬೇಕಾಗುತ್ತದೆ. ಹಾಗೆಯೇ ಅವನು ಗಾಯನವನ್ನೂ ಕಲಿಯಲಿ. ಕೃತಿಯ ಸಾಹಿತ್ಯ ಗೊತ್ತಿದ್ದವನ ಪದಚ್ಛೇದ ಬೇರೆಯೇ ಕೇಳಿಸುತ್ತದೆ.

ಇನ್ನೊಂದು ಮಾತನ್ನು ಕಳಕಳಿಯಿಂದ ಹೇಳುತ್ತೇನೆ. ರಜೆಯಲ್ಲಿ ಬಂದಾಗ ಮದುವೆಯ ವಾಲಗಕ್ಕೆ ಅವನನ್ನು ಕರೆದುಕೊಂಡೇ ಹೋಗಿ. ಕಲಿತ ಮೇಲೆ ಅದು ಕೀಳೆಂಬ ಭಾವನೆ ಅವನಲ್ಲಿ ಬೆಳೆಯದಿರಲಿ. ಮೂರು ಗಂಟೆ ಎಡೆಬಿಡದೆ, ಯಾರೂ ಕಿವಿಗೊಡದಿದ್ದರೂ ಶ್ರುತಿ ಬಿಡದೆ ನುಡಿಸುವ ನಿಮ್ಮ ಶಕ್ತಿಯನ್ನು ಯಾವ ತರಗತಿಯೂ ಕೊಡಲಾರದು.

ಪ್ರಶ್ನೆ: ಸಂಗೀತ ಪದವಿಯ ಎರಡನೇ ವರ್ಷದಲ್ಲಿದ್ದೇನೆ, ಕರ್ನಾಟಕ ಗಾಯನ. ಪ್ರಾಯೋಗಿಕ ಪರೀಕ್ಷೆಯಲ್ಲಿ ತರಗತಿಗೆ ಮೊದಲಿಗಳು. ಆದರೆ ಹೊರಗೆ ಒಂದು ಗಂಟೆಯ ಕಚೇರಿ ಸಿಕ್ಕಿದಾಗ ಇಪ್ಪತ್ತು ನಿಮಿಷಕ್ಕೇ ಎಲ್ಲ ಬರಿದಾದಂತಾಯಿತು. ನಾನು ಕಲಿತದ್ದು ಸುಳ್ಳೇ? (ವಿದ್ಯಾರ್ಥಿನಿ, ಮೈಸೂರು)

ಉತ್ತರ: ಸುಳ್ಳಲ್ಲ, ಅಪೂರ್ಣ. ಪರೀಕ್ಷೆ ನಿಮ್ಮನ್ನು ಒಂದು ಬಗೆಯಲ್ಲಿ ಕೇಳುತ್ತದೆ, ಕಚೇರಿ ಇನ್ನೊಂದು ಬಗೆಯಲ್ಲಿ. ಪರೀಕ್ಷಕರು ಮೋಹನದ ಆಲಾಪನೆ ಎರಡು ನಿಮಿಷ, ಒಂದು ಕೃತಿಯ ಪಲ್ಲವಿ, ನಾಲ್ಕು ಆವರ್ತನ ಕಲ್ಪನಾಸ್ವರ ಎಂದು ಕೇಳಿ ನಿಲ್ಲಿಸಿಬಿಡುತ್ತಾರೆ. ಒಂದು ರಾಗದೊಳಗೆ ಎಷ್ಟು ಹೊತ್ತು ಇರಬಲ್ಲಿರಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಅನೇಕ ರಾಗಗಳ ಹೊಸ್ತಿಲನ್ನು ಮುಟ್ಟಿಬಂದ ವಿದ್ಯಾರ್ಥಿಗೆ ಒಂದು ರಾಗದ ಮನೆಯೊಳಗೆ ಕೂರುವ ಅಭ್ಯಾಸ ಆಗಿರುವುದಿಲ್ಲ. ತಪ್ಪು ನಿಮ್ಮದಲ್ಲ, ಆದರೆ ಅದನ್ನು ಸರಿಪಡಿಸಿಕೊಳ್ಳುವ ಹೊಣೆ ನಿಮ್ಮದೇ, ಏಕೆಂದರೆ ಪಠ್ಯಕ್ರಮ ಅದನ್ನು ಮಾಡಿಕೊಡುವುದಿಲ್ಲ.

ಈ ವರ್ಷ ಐದು ರಾಗಗಳನ್ನು ಮಾತ್ರ ನಿಮ್ಮವೆಂದು ಇಟ್ಟುಕೊಳ್ಳಿ, ತೋಡಿ, ಶಂಕರಾಭರಣ, ಕಲ್ಯಾಣಿ, ಕಾಂಬೋಜಿ, ಖರಹರಪ್ರಿಯಗಳಂಥ ಆಳವಿರುವವು. ಒಂದೊಂದನ್ನು ಒಂದು ತಿಂಗಳ ಕಾಲ ದಿನವೂ ಅರ್ಧ ಗಂಟೆ ಹಾಡಿ. ಮೊದಲ ವಾರ ಹತ್ತನೇ ನಿಮಿಷಕ್ಕೆ ಹೇಳಿದ್ದನ್ನೇ ಹೇಳುತ್ತೀರಿ, ಬೇಸರ ಬರುತ್ತದೆ. ಆ ಬೇಸರವನ್ನು ದಾಟಿಯೇ ಮುಂದಿನ ಸಂಗತಿ ಇರುವುದು. ಹಾಡಿದ್ದನ್ನು ಮೊಬೈಲಿನಲ್ಲಿ ಮುದ್ರಿಸಿ, ಮರುದಿನ ಕೇಳಿ. ಹಾಡಿದ ಕೂಡಲೇ ಕೇಳಿದರೆ ಕಿವಿ ಇನ್ನೂ ಹಾಡಿದವಳ ಪಕ್ಷದಲ್ಲೇ ಇರುತ್ತದೆ. ನೆರವಲ್‌ಗೆ ಒಂದೇ ಸಾಲನ್ನು ಹಿಡಿದು, ಸಾಹಿತ್ಯದ ಅಕ್ಷರಗಳು ತಮ್ಮ ತಾಳಸ್ಥಾನ ಬಿಡದಂತೆ ಹದಿನೈದು ನಿಮಿಷ ಬೆಳೆಸಿ.

ಇದನ್ನು ಒಬ್ಬರೇ ಮಾಡಬೇಡಿ. ನಿಮ್ಮ ಕಾಲೇಜಿನಲ್ಲಿಯೇ ಪಿಟೀಲು, ಮೃದಂಗ ಕಲಿಯುವವರಿದ್ದಾರೆ, ಅವರಿಗೂ ಇದೇ ಕೊರತೆ ಇದೆ. ವಾರಕ್ಕೊಂದು ಸಂಜೆ ಮೂವರೂ ಸೇರಿ ಪೂರ್ತಿ ಒಂದೂವರೆ ಗಂಟೆಯ ಕಚೇರಿಯನ್ನು, ವರ್ಣದಿಂದ ಮಂಗಳದವರೆಗೆ, ನಡುವೆ ನಿಲ್ಲಿಸದೆ ಹಾಡಿ ನುಡಿಸಿ. ತಪ್ಪಿದರೆ ಕ್ಷಮೆ ಕೇಳಿ ಮತ್ತೆ ಆರಂಭಿಸುವ ತರಗತಿಯ ಅಭ್ಯಾಸ ಅಲ್ಲಿ ಬೇಡ. ತಪ್ಪಿದ ಜಾಗದಿಂದಲೇ ದಾರಿ ಹುಡುಕಿ ಸಮಕ್ಕೆ ಬನ್ನಿ. ಪಿಟೀಲಿನವನು ನಿಮ್ಮ ಆಲಾಪನೆಗೆ ಉತ್ತರ ಕೊಡುವಾಗ ಉಸಿರು ತೆಗೆದುಕೊಳ್ಳುವುದನ್ನು, ಮೃದಂಗದವರು ಒಬ್ಬರೇ ನುಡಿಸುವ ತನಿ ಆವರ್ತನಕ್ಕೆ ತಾಳ ಹಾಕುತ್ತ ಕಂಠಕ್ಕೆ ವಿಶ್ರಾಂತಿ ಕೊಡುವುದನ್ನು ಕಲಿಯುತ್ತೀರಿ. ಕಚೇರಿಯಲ್ಲಿ ನಿಮ್ಮನ್ನು ಬರಿದು ಮಾಡಿದ್ದು ಬಹುಶಃ ಇದೇ. ಪೂರ್ತಿ ಭಾರವನ್ನು ಒಬ್ಬರೇ ಹೊತ್ತಿರಿ.

ಮೈಸೂರಿನಲ್ಲಿದ್ದೀರಿ, ಎಂಟನೇ ಕ್ರಾಸಿನ ಗಣೇಶೋತ್ಸವದ ಕಚೇರಿಗಳನ್ನು ತಪ್ಪಿಸಬೇಡಿ. ಬೆಂಗಳೂರಿಗೆ ಬರಲು ಸಾಧ್ಯವಾದರೆ ಚಾಮರಾಜಪೇಟೆಯ ರಾಮನವಮಿ ಕಚೇರಿಗಳಿಗೂ ಬನ್ನಿ. ಮುಂದಿನ ಸಾಲಿನಲ್ಲಿ ಕೂತು, ದೊಡ್ಡವರು ಮುಖ್ಯ ರಾಗಕ್ಕೆ ಬರುವ ಮೊದಲು ಏನೇನು ಹಾಡಿದರು, ಎಲ್ಲಿ ಧ್ವನಿಯನ್ನು ಉಳಿಸಿಕೊಂಡರು, ಎಲ್ಲಿ ಮೃದಂಗದವರ ಕಡೆ ತಿರುಗಿದರು ಎಂದು ಗಡಿಯಾರ ನೋಡಿ ಬರೆದುಕೊಳ್ಳಿ. ಆಮೇಲೆ ನಿಮ್ಮ ಬಡಾವಣೆಯ ರಾಮಮಂದಿರದವರನ್ನೋ ಮಠದವರನ್ನೋ ಕಂಡು, ಸಂಭಾವನೆ ಕೇಳದೆ ಒಂದು ಗಂಟೆ ಹಾಡಲು ಅವಕಾಶ ಕೋರಿ. ಹತ್ತು ಜನ ಕೇಳುಗರಿದ್ದರೂ ಸಾಕು. ಅದೇ ಪಿಟೀಲು, ಅದೇ ಮೃದಂಗದ ಗೆಳೆಯರನ್ನು ಕರೆದುಕೊಂಡು ಹೋಗಿ, ಹಾಡಿ ಬಂದ ಮೇಲೆ ನನಗೆ ಮತ್ತೊಮ್ಮೆ ಬರೆಯಿರಿ.